ಮಾಸ್ತರ ಮಗಳ ಬೇಸಿಗೆ ಶಿಬಿರ

ಡಬ್ಲಿನ್

ಗೋಕಾಕದಲ್ಲಿ ಬೇಸಿಗೆ ಎಂದರೆ ಏಪ್ರಿಲ್, ಮೇ. ಆಗ ಮಧ್ಯಾಹ್ನ ನಾಯಿ ಕೂಡ ಬೀದಿಗೆ ಇಳಿಯುವುದಿಲ್ಲ. ಐರ್ಲೆಂಡಿನ ಬೇಸಿಗೆ ಜುಲೈನಲ್ಲಿ ಬರುತ್ತದಂತೆ. ಡಬ್ಲಿನ್ ವಿಮಾನ ನಿಲ್ದಾಣದ ಹೊರಗೆ ನಾನು, ನನ್ನ ಮಗಳು ಪ್ರಜ್ಞಾ ಇಬ್ಬರೂ ಚೀಲ ಬಿಚ್ಚಿ ಸ್ವೆಟರ್ ಹುಡುಕುತ್ತ ನಿಂತಿದ್ದೆವು. ಜಿಟಿಜಿಟಿ ಮಳೆ. ಗಾಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು.

“ಅಪ್ಪಾ, ಇದಕ್ಕ ಬ್ಯಾಸಗಿ ಅಂತಾರ?” ಎಂದಳು ಪ್ರಜ್ಞಾ.

“ಅವರ ದೇಶ, ಅವರ ಬ್ಯಾಸಗಿ. ಸುಮ್ಮ ಸ್ವೆಟರ್ ಹಾಕ್ಕೊ,” ಎಂದೆ. ಚಳಿಗಿಂತ ಹೆಚ್ಚು ನಡುಗಿಸುತ್ತಿದ್ದ ಸಂಗತಿ ಬೇರೆಯೇ ಇತ್ತು.

ನಾನು ಅಂಕಲಗಿ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುವ ಮಾಸ್ತರ. ನನ್ನ ಕೈಯಲ್ಲಿ ಕಲ್ಲು ಕೂಡ ಓದುತ್ತದೆ ಎಂದು ಊರವರು ಹೇಳುತ್ತಾರೆ. ಆ ಮಾತನ್ನು ನಾನು ಎಂದೂ ಅಲ್ಲಗಳೆದವನಲ್ಲ. ಅಂಥವನ ಸ್ವಂತ ಮಗಳಿಗೆ ನಾಲ್ಕನೇತ್ತೆ, ಅಂದರೆ ನಾಲ್ಕನೆಯ ತರಗತಿ, ಮುಗಿದರೂ ಓದಲು ಬಾರದು. ದಡ್ಡಿಯಲ್ಲ, ಒಮ್ಮೆ ಕೇಳಿದ ಕಥೆಯನ್ನು ಉಸಿರು ಬಿಡದೆ ತಿರುಗಿ ಹೇಳುತ್ತಾಳೆ. ಆ ಕಿವಿಯ ಬಲದ ಮೇಲೆಯೇ ಮೂರು ತರಗತಿ ದಾಟಿದ್ದಳು. ಪಕ್ಕದವಳು ಓದಿದ್ದನ್ನು ಕೇಳಿಸಿಕೊಂಡು, ಸಾಲಿನ ಮೇಲೆ ಬೆರಳು ಸರಿಸುತ್ತ ಅದನ್ನೇ ಒಪ್ಪಿಸಿಬಿಡುತ್ತಿದ್ದಳು. ನಾಲ್ಕನೇತ್ತೆಯಲ್ಲಿ ಗುಟ್ಟು ರಟ್ಟಾಯಿತು. ಬೆಳಗಾವಿಯ ವೈದ್ಯರು, ಇದು ಕಲಿಕೆಯ ನ್ಯೂನತೆ, ಅಕ್ಷರಗಳು ಅವಳ ಕಣ್ಣಿಗೆ ಬೀಳುತ್ತವೆ, ತಲೆಯಲ್ಲಿ ಕೂಡುವುದಿಲ್ಲ ಎಂದರು. ಅವಳ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯವರು ಈ ವರ್ಷದೊಳಗೆ ಓದು ಬರದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದರು. ದೀಪದ ಬುಡಕ್ಕೆ ಕತ್ತಲೆ ಎಂದು ನನ್ನ ಬೆನ್ನ ಹಿಂದೆ ಯಾರು ಯಾರು ಆಡಿಕೊಂಡರೋ, ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ.

ನನ್ನ ಹೆಂಡತಿಯ ತಂಗಿ ಸುಜಾತಾ ಹುಕ್ಕೇರಿಯವಳು. ಪಶ್ಚಿಮ ಐರ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್. ಇಂಥ ಮಕ್ಕಳಿಗೆಂದು ಅಲ್ಲಿನ ತಂದೆತಾಯಿಗಳೇ ಸೇರಿ ಬೇಸಿಗೆಯಲ್ಲಿ ಎರಡು ವಾರ ಶಿಬಿರ ನಡೆಸುತ್ತಾರೆ, ಪ್ರಜ್ಞಾಳಿಗೂ ಒಂದು ಜಾಗ ಸಿಕ್ಕಿದೆ, ಕರೆದುಕೊಂಡು ಬನ್ನಿ ಎಂದು ಫೋನು ಮಾಡಿದಳು. ಮಡಿಲಲ್ಲಿ ಎಳೆಗೂಸು ಇದ್ದುದರಿಂದ ನನ್ನ ಹೆಂಡತಿ ಬರುವ ಹಾಗಿರಲಿಲ್ಲ. ರಜೆ ಹಾಕಿ ನಾನೇ ಹೊರಟೆ. ಹೊರಡುವ ಮೊದಲು ಸಿಕ್ಕಸಿಕ್ಕವರಿಗೆಲ್ಲ, ಬರುವಾಗ ನಮ್ಮ ಹುಡುಗಿ ಪೇಪರ್ ಓದುತ್ತ ಬರುತ್ತಾಳೆ ಎಂದು ಹೇಳಿಬಿಟ್ಟಿದ್ದೆ.

ಗಾಲ್ವೇಗೆ ಹೋಗುವ ಬಸ್ಸಿನ ಡ್ರೈವರ್ ನನ್ನನ್ನು ನೋಡಿ ಏನೋ ಹೇಳಿದ. ನಾನು ಇಂಗ್ಲಿಷ್ ಬಲ್ಲೆ. ಆದರೆ ಅವನ ಇಂಗ್ಲಿಷ್ ಬಾಯಲ್ಲಿ ಬಿಸಿ ಬಟಾಟೆ ಇಟ್ಟುಕೊಂಡು ಆಡಿದ ಹಾಗಿತ್ತು. “ಯೆಸ್ ಯೆಸ್,” ಎಂದು ಹತ್ತಿಬಿಟ್ಟೆ. ದೊಡ್ಡ ಸೂಟ್‌ಕೇಸು ಕಾಲ ಬಳಿ ಜಾಗವಿಲ್ಲದೆ ತೊಡೆಯ ಮೇಲೆ ಕೂತಿತು. ಅರ್ಧ ದಾರಿ ಕಳೆದ ಮೇಲೆ ಪ್ರಜ್ಞಾ ಮೆಲ್ಲಗೆ ಹೇಳಿದಳು.

“ಅಪ್ಪಾ, ಪೆಟ್ಟಿಗಿ ಬಸ್ಸಿನ ಹೊಟ್ಯಾಗ ಇಡ್ರಿ ಅಂದ ಅಂವಾ.”

“ನಿನಗ ತಿಳೀತ? ಮತ್ತ ಆಗ ಯಾಕ ಹೇಳಲಿಲ್ಲ?”

“ನೀ ಯೆಸ್ ಯೆಸ್ ಅಂದೆಲ್ಲ. ನಿನಗ ತೊಡಿ ಮ್ಯಾಲ ಇಟ್ಟಗೊಂಡ ಹೋಗೂದ ಸೇರತೈತಿ ಅಂತ ತಿಳಕೊಂಡ್ನಿ.”

ಇಳಿಯುವಾಗ ಎರಡೂ ಕಾಲು ಜೋಮು ಹಿಡಿದು, ಅಪರಿಚಿತ ನೆಲದ ಮೇಲೆ ಕುಂಟುತ್ತ ಇಳಿದೆ.

ಸುಜಾತಾಳ ಮನೆ

ಸುಜಾತಾಳ ಮನೆ ಸಾಲುಮನೆಗಳಲ್ಲಿ ಒಂದು. ಪಕ್ಕದ ಮನೆಯಲ್ಲಿ ಡೆಕ್ಲನ್ ಎಂಬ ನಿವೃತ್ತ ಅಂಚೆಯಣ್ಣ ಒಬ್ಬನೇ ಇದ್ದ. ಅವನ ತೋಟದಲ್ಲಿ ಕೋಸಿನ ಗಿಡಗಳ ನಡುವೆ ಸಿಮೆಂಟಿನ ಬುದ್ಧ ಕೂತಿದ್ದ. ನಮ್ಮ ಮನೆಗಳಲ್ಲಿ ಬುದ್ಧ ಮತ್ತು ಬಾಬಾಸಾಹೇಬರು ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಇರುತ್ತಾರೆ. ಬೆಳಿಗ್ಗೆ ಎದ್ದವರು ಮೊದಲು ಅವರಿಗೆ ಕೈ ಮುಗಿಯುತ್ತೇವೆ. ಇಲ್ಲಿ ಆತ ಮಳೆಯಲ್ಲಿ ತೊಯ್ಯುತ್ತ ಕೋಸು ಕಾಯುತ್ತಿದ್ದ. ಪ್ರಜ್ಞಾಳಿಗೆ ತಡೆಯಲಾಗಲಿಲ್ಲ. ಮೊದಲ ದಿನವೇ ಬೇಲಿಯಿಂದ ಬಗ್ಗಿ, ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು ಬುದ್ಧನ ತಲೆಗೆ ತೊಡಿಸಿ ಬಂದಳು.

ಡೆಕ್ಲನ್ ಬಾಗಿಲಿಗೆ ಬಂದ. ಪರದೇಶದಲ್ಲಿ ಮೊದಲ ದಿನವೇ ಜಗಳ! ಅವನು ಏನೇನೋ ಹೇಳಿ ನಕ್ಕ. ನಾನೂ ನಕ್ಕೆ. ಆಮೇಲೆ ಸುಜಾತಾ ಬಿಡಿಸಿ ಹೇಳಿದಳು. ಇಪ್ಪತ್ತು ವರ್ಷ ಅವನು ಮಳೆಯಲ್ಲಿ ಪತ್ರ ಹಂಚಿದ್ದನಂತೆ, ಆಗ ತನಗೆ ಯಾರೂ ಹೀಗೆ ಟೋಪಿ ತೊಡಿಸಿರಲಿಲ್ಲ ಎಂದನಂತೆ.

ಅದೇ ಸಂಜೆ ಮೂಡಲಗಿಯಿಂದ ನನ್ನ ತಾಯಿಯ ಫೋನು ಬಂತು. ಊಟ ಆಯಿತೇ ಎಂದು ಕೇಳುವ ಮೊದಲೇ, “ಓದಾಕತ್ತಾಳೇನೊ?” ಎಂದಳು.

“ಇನ್ನ ಶಿಬಿರ ಚಾಲೂ ಆಗಿಲ್ಲ ಆಯಿ.”

“ಲಗೂ ಚಾಲೂ ಮಾಡ್ರಿ ಅನ್ನು. ಅಷ್ಟ ದೂರ ಹೋಗೀರಿ.”

ಶಿಬಿರ

ಶಿಬಿರ ನಡೆಯುವುದು ಆ ಊರಿನ ಶಾಲೆಯಲ್ಲಿ. ಅದರ ಮುಖ್ಯಸ್ಥೆಯ ಹೆಸರು ಶೀಲಾ. ಹೆಸರು ಕೇಳಿ ಒಂದು ಗಳಿಗೆ ನಮ್ಮ ಕಡೆಯವರೇ ಸಿಕ್ಕಷ್ಟು ಸಮಾಧಾನವಾಯಿತು. ಆ ಸಮಾಧಾನ ಅವಳು ಬಾಯಿ ತೆರೆಯುವ ತನಕ ಮಾತ್ರ. ಕೆಂಪು ಕೂದಲಿನ, ದೊಡ್ಡ ರಬ್ಬರ್ ಬೂಟಿನ ಹೆಂಗಸು. ಗಾಳಿಗೆ ಬಿಟ್ಟ ಪಟದ ಹಾಗೆ ಮಾತಾಡುತ್ತಿದ್ದಳು. ನಾನು “ಯೆಸ್ ಯೆಸ್” ಎನ್ನುತ್ತ, ತಂದಿದ್ದ ಗೋಕಾಕ ಕರದಂಟಿನ ಡಬ್ಬಿ ತೆರೆದು ಮುಂದೆ ಹಿಡಿದೆ.

ಅವಳ ಮುಖ ಬಿಳಿಚಿಕೊಂಡಿತು. ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ, ಕೈ ಉದ್ದಕ್ಕೆ ಚಾಚಿ, ಅಂಗಳ ದಾಟಿಸಿ, ಹೊರಗಿನ ಕಾರಿನಲ್ಲಿ ಇಟ್ಟು ಬಂದು ಸಾಬೂನಿನಿಂದ ಕೈ ತೊಳೆದಳು. ಗೋಡಂಬಿ, ಬಾದಾಮಿ ತಿಂದರೆ ಮೈಗೆ ಒಗ್ಗದ ಮಕ್ಕಳು ಅಲ್ಲಿ ಇದ್ದರಂತೆ. ಅಂಥ ಯಾವುದನ್ನೂ ಒಳಗೆ ತರಬೇಡಿ ಎಂದು ಅದೇ ಆಗ ಹೇಳಿದ್ದಳಂತೆ. ನಾನು ಅದಕ್ಕೇ ಯೆಸ್ ಅಂದಿದ್ದೆ!

ಮೊದಲ ದಿನ ಪಾಲಕರು ಹಿಂದೆ ಕೂತು ನೋಡಬಹುದಿತ್ತು. ನೋಡಿದೆ. ಪುಸ್ತಕವೇ ಇಲ್ಲ. ಮೇಜಿನ ತುಂಬ ಗಡ್ಡ ಬೋಳಿಸುವ ನೊರೆ ಸುರಿದು, ಮಕ್ಕಳು ಅದರಲ್ಲಿ ಅಂಗೈ ಆಡಿಸುತ್ತ ಒಂದೇ ಅಕ್ಷರ ಬರೆದು ಬರೆದು ಅಳಿಸುತ್ತಿದ್ದರು. ಅಂಗಳದಲ್ಲಿ ಕುಂಟಾಬಿಲ್ಲೆಯ ಹಾಗೆ ಮನೆ ಬರೆದು, ಒಂದೊಂದು ಮನೆಗೆ ಒಂದೊಂದು ಸದ್ದು ಕೊಟ್ಟು, ಸದ್ದು ಕೂಗುತ್ತ ಜಿಗಿಯುತ್ತಿದ್ದರು. ಹಿಟ್ಟು ಕಲಸಿ ಅಕ್ಷರದ ಆಕಾರದ ಬಿಸ್ಕತ್ತು ಸುಟ್ಟು, ಜಾಮು ಸವರಿ ತಿಂದರು. ಪ್ರಜ್ಞಾಳ ಹುಬ್ಬಿನ ತನಕ ನೊರೆ. ಅವಳು ಅಷ್ಟು ಜೋರಾಗಿ ನಗುವುದನ್ನು ಶಾಲೆ ಎಂಬ ಕಟ್ಟಡದೊಳಗೆ ನಾನು ಅದುವರೆಗೆ ಕಂಡಿರಲಿಲ್ಲ. ಖುಷಿಯಾಯಿತು, ನಿಜ. ಖುಷಿಯ ಹಿಂದೆಯೇ ಅಂಜಿಕೆಯೂ ಬಂತು. ಹೀಗೆ ಆಡುತ್ತ ಕೂತರೆ ಹುಡುಗಿ ಪೇಪರ್ ಓದುವುದು ಯಾವಾಗ?

ಆ ರಾತ್ರಿ ಗೋಕಾಕದಿಂದ ತಂದಿದ್ದ ಒಂದನೇತ್ತೆಯ ಪುಸ್ತಕ ತೆಗೆದು ಅವಳ ಮುಂದೆ ಇಟ್ಟೆ. ಅವಳ ನಗು ಆರಿಹೋಯಿತು. “ಅಪ್ಪಾ, ಹೊಟ್ಟಿ ಕಡಿಯಾಕತೈತಿ,” ಎಂದು ಹೊದ್ದು ಮಲಗಿದಳು.

ಐಸ್‌ಕ್ರೀಮ್ ಅಂಗಡಿ

ಮೂರನೆಯ ದಿನ ಅಂಗಡಿ ಆಟ ಆಡಿಸಿದರು. ಒಬ್ಬ ಅಂಗಡಿಕಾರ, ಉಳಿದವರು ಗಿರಾಕಿಗಳು. ಗಿರಾಕಿಯ ಕೈಗೆ ಒಂದು ಚೀಟಿ. ಅದರಲ್ಲಿ ಬರೆದಿದ್ದನ್ನು ಓದಿ ಸಾಮಾನು ಕೇಳಬೇಕು. ಓದಲು ಬಾರದಿದ್ದರೆ ಎದುರಿಗಿದ್ದವರ ಮುಖ ನೋಡಿ, “ಇದು ನನಗೆ ಓದಲು ಬರುವುದಿಲ್ಲ. ನೀವು ಓದಿ ಹೇಳುತ್ತೀರಾ?” ಎಂದು ಗಟ್ಟಿಯಾಗಿ ಕೇಳಬೇಕು. ಹಾಗೆ ಕೇಳಿದವರು ದೊಡ್ಡ ಹಿತ್ತಾಳೆಯ ಗಂಟೆ ಬಾರಿಸಬಹುದು. ಮಕ್ಕಳು ಗಂಟೆಯ ಆಸೆಗೆ ಮುಗಿಬಿದ್ದರು. ಕರೆದುಕೊಂಡು ಬರಲು ಹೋಗಿದ್ದ ನಾನು ಕಿಟಕಿಯಲ್ಲಿ ನಿಂತು ನೋಡಿದೆ. ನನ್ನ ಮಗಳು ಎಲ್ಲರಿಗಿಂತ ಹೆಚ್ಚು ಸಲ ಗಂಟೆ ಬಾರಿಸಿದಳು.

ಯಾವ ಮಾತು ಹೊರಗೆ ಬೀಳಬಾರದು ಎಂದು ನಾನು, ನನ್ನ ಹೆಂಡತಿ ಇಷ್ಟು ವರ್ಷ ಮುಚ್ಚಿಟ್ಟು ಬಂದಿದ್ದೆವೋ ಅದನ್ನೇ ಇವರು ಗಂಟೆ ಬಾರಿಸಿ ಕಲಿಸುತ್ತಿದ್ದರು. ನೆಂಟರ ಮನೆಯಲ್ಲಿ ಯಾರಾದರೂ ಲಗ್ನಪತ್ರಿಕೆ ಕೊಟ್ಟು ಓದು ಎಂದರೆ, “ಆಕೀಗೆ ಕನ್ನಡಕ ಬಂದೈತಿ, ಮನ್ಯಾಗ ಬಿಟ್ಟ ಬಂದಾಳ,” ಎಂದು ನಾನೇ ಮಧ್ಯೆ ಬಾಯಿ ಹಾಕುತ್ತಿದ್ದೆ. ಅವಳಿಗೆ ಕನ್ನಡಕವೇ ಇಲ್ಲ.

ಮನೆಗೆ ಬರುವ ದಾರಿಯಲ್ಲಿ ಐಸ್‌ಕ್ರೀಮ್ ಅಂಗಡಿ. ಪ್ರಜ್ಞಾ ಸೀದಾ ಹೋಗಿ, ಸಾಲಿನಲ್ಲಿ ಮುಂದೆ ನಿಂತಿದ್ದ ಒಬ್ಬ ಹೆಂಗಸಿನ ಕೋಟು ಜಗ್ಗಿ, ಅದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಕೇಳಿದಳು. ಆ ಹೆಂಗಸು ಬಗ್ಗಿ, ಹಲಗೆಯ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಓದಿ ಹೇಳತೊಡಗಿದಳು. ನಾನು ಮಗಳ ರಟ್ಟೆ ಹಿಡಿದು ಐಸ್‌ಕ್ರೀಮ್ ಇಲ್ಲದೆಯೇ ಎಳೆದುಕೊಂಡು ಬಂದೆ.

“ಇದಕ್ಕ ಇಷ್ಟ ದೂರ ಕರಸಿದೇನು?” ಎಂದು ಸುಜಾತಾಳ ಮೇಲೆ ಹರಿಹಾಯ್ದೆ. “ಮಂದಿ ಮುಂದ ನನಗ ಬರೂದಿಲ್ಲ ಅಂತ ಹೇಳೂದನ್ನ ಕಲಸ್ತಾರ. ಮಾಸ್ತರ ಮಗಳು ಹಿಂಗ ಹೇಳಿದ್ರ ಊರಾಗ ನನ್ನ ಮುಖ ಎಲ್ಲಿ ಇಟ್ಟಗೊಳ್ಳಲಿ?”

ಸುಜಾತಾ ಆಸ್ಪತ್ರೆಯಿಂದ ದಣಿದು ಬಂದಿದ್ದಳು. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಭಾವಾಜಿ, ನಾ ಇಲ್ಲಿ ಬಂದ ಹೊಸದಾಗಿ ಇವರ ಮಾತ ನನಗೂ ತಿಳೀತಿರಲಿಲ್ಲ. ತಿಳಿದಾವರಂಗ ಗೋಣ ಹಾಕ್ತಿದ್ನಿ. ಒಂದ ದಿನ ಔಷಧದ ಡೋಸ್ ಹೇಳಿದ್ರು, ಹಂಗ ಗೋಣ ಹಾಕಿದ್ನಿ. ಬಾಜೂದಾಕಿ ನೋಡಿ ತಡದ್ಲು. ಇಲ್ಲಂದ್ರ ಒಂದ ಜೀವ ಹೋಗ್ತಿತ್ತರಿ. ಅವತ್ತಿನಿಂದ ನಾಚಿಕಿ ಬಿಟ್ನಿ. ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅಂತೇನಿ.”

“ನಿಂದು ಬ್ಯಾರೆ,” ಎಂದೆ. ಅವಳು ಮುಂದಿನ ರೊಟ್ಟಿಯನ್ನು ಹಂಚಿಗೆ ಹಾಕಿದಳು.

ಶುಕ್ರವಾರ

ಶುಕ್ರವಾರ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದಿತ್ತು. ಬೆಳಿಗ್ಗೆ ಗೇಟಿನಲ್ಲಿ ಪ್ರಜ್ಞಾ ಒಳಗೆ ಓಡಿದ ಮೇಲೆ ಶೀಲಾ ನನ್ನನ್ನು ನಿಲ್ಲಿಸಿ ಏನೋ ಉದ್ದಕ್ಕೆ ಹೇಳಿದಳು. ಮಳೆಟೋಪಿಯೊಳಗಿಂದ ಮಾತು ಇನ್ನೂ ಕಲಸಿಹೋಗಿತ್ತು. ಕೊನೆಯಲ್ಲಿ ಓಕೆ ಎನ್ನುವ ಹಾಗೆ ಹೆಬ್ಬೆರಳು ಎತ್ತಿದಳು. ನಾನೂ ಎತ್ತಿದೆ. “ಯೆಸ್ ಯೆಸ್, ಥ್ಯಾಂಕ್ಯೂ.”

ಮಧ್ಯಾಹ್ನ ಎಂದಿನ ಹೊತ್ತಿಗೆ ಹೋದೆ. ಶಾಲೆಯ ಗೇಟಿಗೆ ಬೀಗ ಹಾಕಿತ್ತು.

ಮೊದಲು, ಬೇಗ ಬಂದೆನೇನೋ ಅಂದುಕೊಂಡೆ. ಗಡಿಯಾರ ನೋಡಿದೆ. ಗೇಟಿನ ಸಂದಿಯಿಂದ ಇಣುಕಿದೆ. ಅಂಗಳದಲ್ಲಿ ಸೀಮೆಸುಣ್ಣದ ಮನೆಗಳು ಮಳೆಗೆ ಕರಗಿ ಹರಿದಿದ್ದವು. ಒಬ್ಬ ಪಾಲಕನೂ ಇಲ್ಲ, ಒಂದು ಕಾರೂ ಇಲ್ಲ. ಸುಜಾತಾ ವಾರ್ಡಿನಲ್ಲಿ. ನನ್ನ ಫೋನು ಮನೆಯ ವೈಫೈ ಬಿಟ್ಟರೆ ಬರೀ ಗಡಿಯಾರ. ಗೇಟಿನ ಮುಂದೆ ಆ ತುದಿಯಿಂದ ಈ ತುದಿಗೆ ಅಡ್ಡಾಡಿದೆ. ಬೆಳಿಗ್ಗೆ ಶೀಲಾ ಹೇಳಿದ್ದರಲ್ಲಿ ಒಂದೇ ಒಂದು ಪದವನ್ನಾದರೂ ನೆನಪಿಸಿಕೊಳ್ಳಲು ಹೆಣಗಿದೆ. ಕೊನೆಗೆ ಒಂದು ಪದ ಮೇಲೆ ಬಂತು. ಲೇಕ್. ಕೆರೆ.

ನಮ್ಮ ಕಡೆ ಧುಪದಾಳದ ಒಡ್ಡಿನ ನೀರಿನ ಹತ್ತಿರ ಹೋದಾಗಲೆಲ್ಲ ನಾನು ಪ್ರಜ್ಞಾಳ ಕೈ ಬಿಟ್ಟವನಲ್ಲ. ನೀರು ಎಂದರೆ ಅವಳಿಗೆ ಹುಚ್ಚು, ಈಜು ಬಾರದು. ಕೆರೆಗೆ ಹೋದವರು ಯಾಕೆ ಇನ್ನೂ ಬಂದಿಲ್ಲ? ಏನಾದರೂ ಆಗಿದ್ದಕ್ಕೇ ಶಾಲೆ ಮುಚ್ಚಿದರೇ? ಉಳಿದ ಮಕ್ಕಳು ಎಲ್ಲಿ? ಒಂದಕ್ಕಿಂತ ಒಂದು ಕೆಟ್ಟ ಯೋಚನೆ. ದಾರಿಯಲ್ಲಿ ಇಬ್ಬರು ಮೂವರು ಹಾದು ಹೋದರು. ನಾನು ಅವರಿಗೆ ಮುಗುಳ್ನಕ್ಕೆ. ಹೌದು, ನಕ್ಕೆ. ಗೇಟಿಗೆ ಒರಗಿ, ಸುಮ್ಮನೆ ಗಾಳಿಗೆ ನಿಂತವನ ಹಾಗೆ. ಕೇಳಿದರೆ, ಮಗಳನ್ನು ಎಲ್ಲಿ ಬಿಟ್ಟೆ ಎಂಬುದೂ ಗೊತ್ತಿಲ್ಲದ ತಂದೆ ಎಂಥವನು ಅನ್ನುತ್ತಾರೆ. ಅವರು ಹೇಳಿದ್ದು ಮತ್ತೆ ತಿಳಿಯದಿದ್ದರೆ?

ಅಷ್ಟರಲ್ಲಿ ಡೆಕ್ಲನ್‌ನ ಹಳೆಯ ಕಾರು ಬಂತು. ಕಿಟಕಿ ಇಳಿಸಿ, ಹೇಗಿದ್ದೀರಿ ಎಂದ.

“ಫೈನ್, ಫೈನ್,” ಎಂದೆ.

ಅವನು ಕೈ ಎತ್ತಿ ಮುಂದೆ ಹೋಗಿಬಿಟ್ಟ. ಕಾರು ತಿರುವಿನ ಹತ್ತಿರ ಹೋಗುವ ತನಕ ನಾನು ಕಲ್ಲಿನಂತೆ ನಿಂತಿದ್ದೆ. ಆಮೇಲೆ ಓಡಿದೆ. ಚಪ್ಪಲಿ ಒಂದು ಕಳಚಿ ಹೋಯಿತು. “ಡೆಕ್ಲನ್! ಡೆಕ್ಲನ್ ಸಾಹೇಬ್ರ!” ಎಂದು ಅಂಕಲಗಿ ಸಂತೆಯಲ್ಲಿ ಕೂಗುವ ಹಾಗೆ ಕೂಗಿದೆ. ಕಾರು ನಿಂತಿತು. ಏದುಸಿರು ಬಿಡುತ್ತ, ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಬೆಳಿಗ್ಗೆ ಅವರು ಹೇಳಿದ್ದು ನನಗೆ ತಿಳಿಯಲಿಲ್ಲ. ತಿಳಿದವನ ಹಾಗೆ ನಟಿಸಿದೆ. ನನ್ನ ಮಗಳು ಎಲ್ಲಿದ್ದಾಳೆ ನನಗೆ ಗೊತ್ತಿಲ್ಲ. ನಿಮ್ಮ ಮಾತೂ ನನಗೆ ಅರ್ಧ ತಿಳಿಯುವುದಿಲ್ಲ. ದಯವಿಟ್ಟು ನಿಧಾನವಾಗಿ ಹೇಳಿ, ಸಹಾಯ ಮಾಡಿ.

ಡೆಕ್ಲನ್ ನಗಲಿಲ್ಲ. ಮಗುವಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ, “ಹತ್ತಿ. ಕೂತುಕೊಳ್ಳಿ. ಕೆರೆಗೆ ಹೋಗೋಣ,” ಎಂದ. ಎಲ್ಲ ಪದಗಳೂ ತಿಳಿದವು.

ಕೆರೆಯ ದಂಡೆ

ಕೆರೆ ಹತ್ತಿರದಲ್ಲೇ ಇತ್ತು. ನನಗೆ ಮಾತ್ರ ಮುಂಬಯಿಯಿಂದ ಬಂದ ದಾರಿಗಿಂತ ಉದ್ದವಾಯಿತು. ದಂಡೆಯಲ್ಲಿ ಮಗುಚಿ ಹಾಕಿದ ದೋಣಿಯ ಮೇಲೆ ಇಬ್ಬರೇ ಕೂತಿದ್ದರು, ಶೀಲಾ ಮತ್ತು ಪ್ರಜ್ಞಾ. ಪ್ರಜ್ಞಾಳ ಮೈಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ಇನ್ನೂ ಇತ್ತು. ಇವತ್ತು ಮಕ್ಕಳನ್ನು ಇಲ್ಲಿಂದಲೇ ಕರೆದುಕೊಂಡು ಹೋಗಬೇಕು ಎಂದು ಶೀಲಾ ಬೆಳಿಗ್ಗೆ ಹೇಳಿದ್ದು. ನಾನು ಬಾರದ್ದನ್ನು ಕಂಡು ಅವಳೂ ಸುಜಾತಾಳಿಗೆ ಫೋನು ಹಚ್ಚಿ ಹಚ್ಚಿ ಸಾಕಾಗಿದ್ದಳು. ಬಯ್ಯುತ್ತಾಳೆ ಎಂದು ನಾನು ತಲೆ ತಗ್ಗಿಸಿದೆ. ಅವಳು ಎರಡೂ ಕೈಯಿಂದ ನನ್ನ ಕೈ ಹಿಡಿದು, ಮೊದಲ ಸಲ ನಿಧಾನವಾಗಿ, “ಇದು ನನ್ನ ತಪ್ಪು. ನಾನು ಬಹಳ ಬೇಗ ಬೇಗ ಮಾತಾಡುತ್ತೇನೆ,” ಎಂದಳು.

ಪ್ರಜ್ಞಾಳ ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗೆರೆ ಕಾಣುತ್ತಿತ್ತು. ನಾನು ಅವಳನ್ನು ಜಾಕೀಟು ಸಮೇತ ಅವುಚಿಕೊಂಡೆ.

“ಎಲ್ಲಾರ ಅಪ್ಪಾನೂ ಬಂದ್ರು. ನೀ ಅಷ್ಟ ಬರಲಿಲ್ಲ,” ಎಂದಳು. ಆಮೇಲೆ ನನ್ನ ಮುಖ ನೋಡಿ, “ಮುಂಜಾನಿ ಟೀಚರ್ ಹೇಳಿದ್ದು ನಿನಗ ತಿಳೀಲಿಲ್ಲೇನು?”

“ಇಲ್ಲವ್ವಾ.”

“ಮತ್ತ ಯೆಸ್ ಯೆಸ್ ಅಂದಿ?”

ನಾನು ಅವಳ ಜಾಕೀಟಿನ ಪಟ್ಟಿ ಬಿಚ್ಚತೊಡಗಿದೆ.

“ನಾನೂ ಸಾಲ್ಯಾಗ ಹಂಗ ಮಾಡ್ತಿದ್ನಿ,” ಎಂದಳು ಅವಳು, ಬೂಟಿನಿಂದ ಮರಳು ಕೆದಕುತ್ತ. “ಹೊಟ್ಟ್ಯಾಗ ಭಾಳ ತ್ರಾಸ ಆಗತೈತಿ, ಅಲ್ಲ?”

ಆಗುತ್ತದೆ. ಒಂದು ತಾಸಿನಲ್ಲಿ ನನ್ನ ಕರುಳು ಕಿತ್ತು ಬಾಯಿಗೆ ಬಂದಿತ್ತು. ಈ ಹುಡುಗಿ ಅದನ್ನು ಬೆಳಿಗ್ಗೆಯಿಂದ ಸಂಜೆಯ ತನಕ, ವರ್ಷಗಟ್ಟಲೆ, ನನ್ನ ಮಾನ ಕಾಯಲು ನುಂಗಿಕೊಂಡು ಕೂತಿದ್ದಳು. ನಾನು ಡೆಕ್ಲನ್ ಮತ್ತು ಶೀಲಾರ ಎದುರಿಗೇ ಅತ್ತುಬಿಟ್ಟೆ. ಅವರಿಬ್ಬರೂ ಬೇರೆ ಕಡೆ ತಿರುಗಿ ಮೋಡದ ಬಗ್ಗೆ ಮಾತಾಡಿಕೊಂಡರು. ಅಲ್ಲಿನವರ ಮರ್ಯಾದೆಯ ರೀತಿ ಅದು. ನಮ್ಮ ಕಡೆಯಾಗಿದ್ದರೆ ಹತ್ತು ಜನ ಸುತ್ತ ನಿಂತು, ಅವರೂ ಒಂದಿಷ್ಟು ಅತ್ತು ಕಳಿಸುತ್ತಿದ್ದರು.

ವಾಪಸು ಬರುವಾಗ ಐಸ್‌ಕ್ರೀಮ್ ಅಂಗಡಿಯ ಮುಂದೆ ಡೆಕ್ಲನ್‌ಗೆ ಕಾರು ನಿಲ್ಲಿಸಲು ಹೇಳಿದೆ. ಹಲಗೆಯನ್ನು ಮೇಲಿನಿಂದ ಕೆಳಗಿನ ತನಕ ನಾನೇ ಓದಿ ಹೇಳಿದೆ. ಒಂದನೇತ್ತೆಯ ಪುಸ್ತಕವನ್ನು ಮತ್ತೆ ಹೊರಗೆ ತೆಗೆಯಲಿಲ್ಲ.

ಹತ್ತರಗಿ

ಎರಡನೆಯ ವಾರ ಮುಗಿಯುವ ಹೊತ್ತಿಗೆ ಪ್ರಜ್ಞಾ ನೊರೆಯಲ್ಲಿ ತನ್ನ ಹೆಸರು ತಪ್ಪಿಲ್ಲದೆ ಬರೆಯುತ್ತಿದ್ದಳು, ಇಂಗ್ಲಿಷಿನ ಮೂರು ಅಕ್ಷರದ ಸಣ್ಣ ಪದಗಳನ್ನು ಜಿಗಿಜಿಗಿದು ಕೂಡಿಸುತ್ತಿದ್ದಳು. ಪೇಪರ್ ಓದುವುದಿರಲಿ, ಬಸ್ಸಿನ ಬೋರ್ಡು ಓದುವುದಕ್ಕೂ ಇನ್ನೂ ದೂರವಿತ್ತು. ಮರಳುವಾಗ ದಾರಿಯುದ್ದಕ್ಕೂ ನನಗೆ ಅದೇ ಚಿಂತೆ. ಶಾಲೆಯವರಿಗೆ ಏನು ಹೇಳಲಿ, ಆಯಿಗೆ ಏನು ಹೇಳಲಿ. “ಭಾಳ ಸುಧಾರಿಸ್ಯಾಳ” ಎಂಬ ಒಂದು ಜಾರು ಉತ್ತರವನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡೆ.

ಮುಂಬಯಿ ಬಸ್ಸು ಬೆಳಿಗ್ಗೆ ನಮ್ಮನ್ನು ಹತ್ತರಗಿಯಲ್ಲಿ ಹೆದ್ದಾರಿಯ ಪಕ್ಕಕ್ಕೆ ಇಳಿಸಿತು. ಹುಕ್ಕೇರಿಯಿಂದ ನನ್ನ ಹೆಂಡತಿಯ ಅಣ್ಣ ಜೀಪು ತಂದಿದ್ದ. ಚಹಾ ಕುಡಿದು ಹೋಗೋಣ ಎಂದು ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ, ಕೂತ ಕೂಡಲೇ ಕೇಳಿದ. ಗಟ್ಟಿ ಗಂಟಲಿನ ಮನುಷ್ಯ.

“ಏನ್ರಿ ಮಾಸ್ತರ, ಓದಾಕ ಬಂತೇನ್ರಿ ಹುಡಿಗಿಗೆ?”

ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ತಿದ್ದಿ ಇಟ್ಟಿದ್ದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಪ್ರಜ್ಞಾ ನನ್ನ ಮುಖವನ್ನೇ ನೋಡುತ್ತಿದ್ದಳು.

“ಆಕೀನ್ನ ಕೇಳ್ರಿ,” ಎಂದೆ.

“ಇಲ್ಲ ಮಾಮಾ, ಇನ್ನಾ ಬರೂದಿಲ್ಲ,” ಎಂದಳು ಪ್ರಜ್ಞಾ, ಅವನಷ್ಟೇ ಗಟ್ಟಿಯಾಗಿ. “ಕಲಿಯಾಕತ್ತೇನಿ. ಆ ಹಲಗಿ ಮ್ಯಾಲ ಏನೇನ ತಿನ್ನೂದು ಬರದಾರ, ಓದಿ ಹೇಳು.”

ಅವನು ನನ್ನ ಕಡೆ ನೋಡಿದ. ಈ ಸಲ ನಾನು ಬಾಯಿ ಹಾಕಲಿಲ್ಲ. ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, “ಅವಲಕ್ಕಿ, ಗಿರಮಿಟ್ಟ, ಮಿಸಳ, ಭಜಿ...” ಎಂದು ಓದತೊಡಗಿದ.

ಆಗ ಬಾಗಿಲ ಹತ್ತಿರದ ಮೇಜಿನಿಂದ ಒಬ್ಬ ಎದ್ದು ಬಂದ. ಹೆಗಲ ಮೇಲೆ ಕಂಬಳಿ. ನಮ್ಮ ಶಾಲೆಯ ಊರಿನ ಕುರಿಗಾರ ಬೀರಪ್ಪ. ಅವನ ಮಗ ಮಾಳು ನನ್ನ ತರಗತಿಯಲ್ಲೇ ಇದ್ದಾನೆ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಇನ್ನು ಊರ ತುಂಬ ಡಂಗುರ ಎಂದುಕೊಂಡೆ.

ಬೀರಪ್ಪ ನನ್ನ ಪಕ್ಕಕ್ಕೆ ಬಂದು, ದನಿ ತಗ್ಗಿಸಿ, ಕೈ ಮುಗಿದ.

“ಮಾಸ್ತರ, ಸಿಟ್ಟ ಆಗಬ್ಯಾಡ್ರಿ. ನಮ್ಮ ಮಾಳೂಗೂ ಹಿಂಗ ಐತ್ರಿ. ಒಂದ ಅಕ್ಷರ ತಿಳಿಯೂದಿಲ್ಲ ಅಂವಗ. ಅಕ್ಕನ ಕಡೆ ಓದಿಸಿ ಕೇಳಿ, ಬಾಯಿಪಾಠ ಮಾಡಿ ನಿಮ್ಮ ಮುಂದ ಒಪ್ಪಸ್ತಾನ. ಖರೆ ಹೇಳಾಕ ನಿಮಗ ಅಂಜಿದ್ವಿರಿ.”

ಚಹಾದ ಬಟ್ಟಲನ್ನು ಕೆಳಗಿಟ್ಟೆ. ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಚೆಂದ ಓದುವ ಹುಡುಗ ಎಂದು ಹೋದ ವರ್ಷ ನಾನೇ ಚಪ್ಪಾಳೆ ತಟ್ಟಿಸಿ ಪೆನ್ನು ಕೊಟ್ಟಿದ್ದು ಮಾಳುವಿಗೆ.